ಕೈತೋಟದ ನಕ್ಷೆಗೆ ತಕ್ಕ ತಂತ್ರಾಂಶ

ಮಾವಿನ ಸಸಿಯೊಂದನ್ನು ನೆಡುವಾಗ ಅದಕ್ಕೆ ಮೊಳದಷ್ಟು ಜಾಗ ಸಾಕೆಂದು ತೋರುತ್ತದೆ. ಆದರೆ ತೋಪುಗಳಲ್ಲಿ ಎರಡು ಮಾವಿನ ಮರಗಳ ನಡುವೆ 10 ಮೀಟರು ಅಂತರ ಬಿಡುವುದು ವಾಡಿಕೆ. 12 ಮೀಟರು ಅಗಲ, 18 ಮೀಟರು ಉದ್ದದ ನಿವೇಶನದಲ್ಲಿ ಮನೆಯೂ ಎದ್ದು ನಿಂತ ಮೇಲೆ ಅಂತಹ ಮರಕ್ಕೆ ಎಡೆಯೆಲ್ಲಿ? ನಕ್ಷೆಯಲ್ಲಿನ ತಪ್ಪನ್ನು ಅಳಿಸಬಹುದು. ಹತ್ತು ವರ್ಷ ಬೆಳೆದ ಮರವನ್ನು ಸರಿಸಲಾಗದು. ಗುದ್ದಲಿ ಹಿಡಿಯುವ ಮುನ್ನ ನಕ್ಷೆ ಬರೆಯಬೇಕೆನ್ನುವುದು ಇದಕ್ಕಾಗಿಯೇ.

ಹಣ ತೆರದೆಯೇ ಈ ಕೆಲಸಕ್ಕೆ ದೊರೆಯುವ ತಂತ್ರಾಂಶಗಳು ಇಂದು ಹಲವಿವೆ. ಅವುಗಳಲ್ಲಿ ಹೂಗಿಡಗಳ ಬಣ್ಣದ ಚಿತ್ರಗಳು ಎಷ್ಟಿವೆಯೆಂದು ನೋಡಿ ಆರಿಸುವುದು ಸರಿಯಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು. ಅದು ಉದ್ದವನ್ನು ಬಲ್ಲುದೆ? ನೆರಳನ್ನು ಗುರುತಿಸಲು ನೆರವಾಗುವುದೆ? ಮರವು ಫಲ ಕೊಡುವ ಕಾಲಕ್ಕೂ ನಕ್ಷೆ ತೆರೆದುಕೊಳ್ಳುವುದೆ?

ಮೊದಲನೆಯ ಪ್ರಶ್ನೆ ಉದ್ದದ್ದು. ಗಿಂಪ್‌ನಂತಹ ತಂತ್ರಾಂಶಗಳು ಚಿತ್ರವನ್ನು ಬಣ್ಣದ ಚುಕ್ಕೆಗಳ ಸಾಲುಗಳಾಗಿ ಇರಿಸಿಕೊಳ್ಳುತ್ತವೆ. ಛಾಯಾಚಿತ್ರಗಳನ್ನು ತಿದ್ದುವುದಕ್ಕೆ ಈ ಕ್ರಮವು ಉತ್ತಮ. ಆದರೆ ಅಲ್ಲಿ ಬಳಿದ ವೃತ್ತವೊಂದು ಚುಕ್ಕೆಗಳ ಗುಂಪಲ್ಲದೆ ಬೇರೆಯಲ್ಲ. ಇಂಕ್‌ಸ್ಕೇಪ್ ಎಂಬ ತಂತ್ರಾಂಶದ ಕ್ರಮವೇ ಬೇರೆ. ಅದು ವೃತ್ತವನ್ನು ಕೇಂದ್ರದ ಸ್ಥಾನ ಮತ್ತು ತ್ರಿಜ್ಯ ಎಂಬ ಸಂಖ್ಯೆಗಳಾಗಿ ನೆನಪಿಡುತ್ತದೆ. ನೆಲದ 1 ಮೀಟರಿಗೆ ಕಾಗದದ 1 ಸೆಂಟಿಮೀಟರೆಂದು ಗೊತ್ತುಮಾಡಿಕೊಂಡರೆ, ಮೇಲೆ ಹೇಳಿದ ನಿವೇಶನವು 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದದ ಎ4 ಹಾಳೆಯಲ್ಲಿ ಸುಖವಾಗಿ ಅಡಗುತ್ತದೆ. ಮಾವಿನ ವೃತ್ತಕ್ಕೆ 10 ಸೆಂ.ಮೀ. ವ್ಯಾಸ ಕೊಟ್ಟೊಡನೆ ಅದು ಹಿತ್ತಿಲನ್ನೆಲ್ಲ ಆವರಿಸುವುದು ಕಣ್ಣಿಗೆ ಕಾಣುತ್ತದೆ. ಅದರ ಬದಲು ಕರಿಬೇವು, ನಿಂಬೆಗಳನ್ನು ಇಟ್ಟು ನೋಡಬಹುದು.

ಇನ್ನು ನೆರಳು. ಬದನೆ, ಟೊಮ್ಯಾಟೊಗಳಿಗೆ ದಿನಕ್ಕೆ ಸುಮಾರು 6 ಗಂಟೆಗಳ ನೇರ ಬಿಸಿಲು ಬೇಕು. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯನು ವಿಷುವದ್ವೃತ್ತದಿಂದ 23.4 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಎರಡನ್ನೂ ಕೂಡಿಸಿ 90ರಿಂದ ಕಳೆದರೆ ನಡುಹಗಲಿನಲ್ಲಿ ಅವನ ಉನ್ನತಿ 53.6 ಡಿಗ್ರಿ. 6 ಮೀಟರು ಎತ್ತರದ ಮನೆಯ ನೆರಳೆಷ್ಟು? 6ನ್ನು ಈ ಕೋನದ ಟ್ಯಾನ್‌ಜೆಂಟಿನಿಂದ ಭಾಗಿಸಿದರೆ 4.4 ಮೀಟರು, ಅದು ಬೀಳುವುದು ಉತ್ತರಕ್ಕೆ. ಜೂನ್ 21ರಂದಾದರೋ ಸೂರ್ಯನು ನಡುಹಗಲಿನಲ್ಲಿ ನೆತ್ತಿಯಿಂದ 10.4 ಡಿಗ್ರಿ ಉತ್ತರದಲ್ಲಿರುತ್ತಾನೆ. ನೆರಳು 1.1 ಮೀಟರಿಗೆ ಕುಗ್ಗಿ ದಕ್ಷಿಣಕ್ಕೆ ತಿರುಗುತ್ತದೆ! ಆದ್ದರಿಂದ ನಕ್ಷೆಯನ್ನು ಪದರಗಳಾಗಿ ಬರೆಯಲು ಬರುವಂತಿರಬೇಕು: ಒಂದರಲ್ಲಿ ಮನೆ, ಒಂದರಲ್ಲಿ ಗಿಡಗಳು, ಮತ್ತೆರಡರಲ್ಲಿ ಡಿಸೆಂಬರ್ ಮತ್ತು ಜೂನ್ ತಿಂಗಳ ನೆರಳು. ಇಂಕ್‌ಸ್ಕೇಪ್‌ನಲ್ಲಿ ಈ ಅನುಕೂಲವಿದೆ. ಸ್ವೀಟ್ ಹೋಮ್ ತ್ರೀಡಿ ಎಂಬ ಇನ್ನೊಂದು ತಂತ್ರಾಂಶವು ಸ್ಥಳದ ಅಕ್ಷಾಂಶ, ದಿನ, ಗಂಟೆಗಳನ್ನು ತಿಳಿಸಿದರೆ ಬಿಸಿಲು ನೆರಳುಗಳ ಚಿತ್ರವನ್ನು ತಾನೇ ರಚಿಸಿಕೊಡುತ್ತದೆ.

ಮೂರನೆಯದು ಬಾಳಿಕೆ. ಇಲ್ಲಿ 'ಉಚಿತ', 'ಸ್ವತಂತ್ರ' ಎಂಬ ಎರಡು ಮಾತುಗಳ ಭೇದವನ್ನು ಮನಗಾಣಬೇಕು. ಬೆಲೆಯಿಲ್ಲದ್ದು ಉಚಿತ. ಒಳಗಿನ ಬರಹವನ್ನು ಯಾರಾದರೂ ಓದಿ, ತಿದ್ದಿ, ಹಂಚಬಹುದಾದದ್ದು ಸ್ವತಂತ್ರ. ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಸೇವೆಯನ್ನು ಅದರ ಒಡೆಯರು ನಾಳೆ ನಿಲ್ಲಿಸಿದರೆ ಅಲ್ಲಿಟ್ಟ ನಕ್ಷೆಗಳಿಗೂ ಅದೇ ಗತಿಯಾಗಬಹುದು. ಇಂಕ್‌ಸ್ಕೇಪ್ 2003ರಿಂದ ಬೆಳೆದುಬಂದ ಸ್ವತಂತ್ರ ತಂತ್ರಾಂಶ. ಅದರ ಕಡತಗಳ ರೂಪವಾದ ಎಸ್‌ವಿಜಿ 2001ರಲ್ಲಿ ಪ್ರಕಟವಾದ ಸಾರ್ವಜನಿಕ ಮಾನಕ. ಬೇರೆ ತಂತ್ರಾಂಶಗಳೂ ಅದನ್ನು ಓದಬಲ್ಲವು. ಎತ್ತರದ ತಳಿಯ ತೆಂಗು ಕಾಯಿ ಬಿಡಲು ಆರೇಳು ವರ್ಷಗಳು ಬೇಕು. ನಕ್ಷೆಯ ಆಯುಸ್ಸು ಅದಕ್ಕಿಂತ ಕಡಿಮೆಯಾಗಬಾರದಷ್ಟೆ.

ಹೀಗಾಗಿ ಹೊಸಬರಿಗೆ ಇಂಕ್‌ಸ್ಕೇಪ್ ತಕ್ಕುದು. ಲಿಬ್ರೆಆಫೀಸ್ ಈಗಾಗಲೇ ಇದ್ದವರಿಗೆ ಅದರ ಡ್ರಾ ವಿಭಾಗವೂ ಸಾಕು. ಅಲ್ಲಿ ಅಳತೆಯ ಪ್ರಮಾಣವನ್ನು ನಿಗದಿಪಡಿಸಬಹುದು. ಎಂಜಿನಿಯರಿಂಗ್ ನಕ್ಷೆ ಬರೆದು ಬಲ್ಲವರು ಲಿಬ್ರೆಕ್ಯಾಡನ್ನು ಮೆಚ್ಚಬಹುದು. ಯಾವುದನ್ನೇ ಆರಿಸಿದರೂ ಮೊದಲು ಬೇಕಾದ ಉಪಕರಣ ಅಳತೆಯ ಟೇಪು. ನೆಲವನ್ನು ತಪ್ಪಾಗಿ ಅಳೆದು ತಂದರೆ ಯಾವ ತಂತ್ರಾಂಶವೂ ಅದನ್ನು ತಿದ್ದಲಾರದು.