ನಿರೀಕ್ಷಿಸಿದ ನೆರವು ಬಾರದಾಗ

ಪಿ.ಯು.ಸಿ. ಫಲಿತಾಂಶ ಬಂದು ಸೀಟು ಹಂಚಿಕೆ ನಡೆಯುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಸಂತೋಷವೂ ಆತಂಕವೂ ಒಟ್ಟಿಗೇ ನೆಲೆಸಿರುತ್ತವೆ. ಮಾಣಿಕನಗರ, ಹುಮನಾಬಾದ್ ಕಡೆಯ ಕಥೋಲಿಕ ಮನೆಗಳಲ್ಲಂತೂ ಒಬ್ಬರ ಸುದ್ದಿ ಭಾನುವಾರದ ಬಲಿಪೂಜೆಯೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಅರ್ಧ ಶುಲ್ಕವಾದರೂ ಮನ್ನಾ ಆದೀತೆಂದು ಕಾದಿದ್ದ ಮನೆಗೆ ದೂರದ ಕಾಲೇಜೊಂದರಿಂದ ಅಲ್ಪ ರಿಯಾಯಿತಿಯ ಪತ್ರ ಬಂದರೆ, ಹಣದ ಚಿಂತೆಗಿಂತ ಮೊದಲು ಕಾಡುವುದು ಅವಮಾನ. ಮಗಳು ತನ್ನ ಅಂಕಗಳಿಗೆ ಬೆಲೆಯಿಲ್ಲವೆಂದು ಕುಗ್ಗುತ್ತಾಳೆ. ತಂದೆ ತನ್ನ ಸಂಪಾದನೆಯನ್ನೇ ಹಳಿದುಕೊಳ್ಳುತ್ತಾನೆ.

ಆದರೆ ನೆರವಿನ ಮೊತ್ತ ನಿರ್ಧಾರವಾಗುವುದು ಅಂಕಗಳಿಂದ ಮಾತ್ರವಲ್ಲ. ದಲಿತ ಕ್ರೈಸ್ತ ಕುಟುಂಬಗಳಿಗೆ ಇದು ಚೆನ್ನಾಗಿ ಗೊತ್ತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ಇಂದಿಗೂ ಇಲ್ಲ. ಒಂದೇ ಓಣಿಯ ಇಬ್ಬರು ಗೆಳತಿಯರಲ್ಲಿ ಒಬ್ಬಳಿಗೆ ದೊರೆಯುವ ಶುಲ್ಕ ವಿನಾಯಿತಿ ಇನ್ನೊಬ್ಬಳಿಗೆ ದೊರೆಯದಿದ್ದರೆ ಅದು ಹುಡುಗಿಯ ಕೊರತೆಯಲ್ಲ. ಮನೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳಬೇಕು, ಮಗಳ ಎದುರಿಗೇ.

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪನ್ನೂ ಹೇಳಬೇಕಾಗಿದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಸಾಮಾನ್ಯವಾಗಿ ಪ್ರವರ್ಗ 3ಬಿಯಲ್ಲಿದ್ದರೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಅರ್ಹರು ಅರಿವಿಲ್ಲದೆ 3ಬಿ ಎಂದು ಬರೆದರೆ ಸಿಗಬಹುದಾದುದೂ ಕೈತಪ್ಪುತ್ತದೆ. ಹಾಗೆಯೇ 371ಜೆ ವಿಧಿಯ ಅರ್ಹತಾ ಪತ್ರವನ್ನು ಬಸವಕಲ್ಯಾಣದ ಉಪವಿಭಾಗಾಧಿಕಾರಿ ಕಚೇರಿಯಿಂದ ಮೊದಲೇ ಪಡೆದಿಟ್ಟುಕೊಂಡವರಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಕಡಿಮೆ ಶುಲ್ಕದ ಸೀಟು ದೊರೆಯುವ ಸಾಧ್ಯತೆ ಹೆಚ್ಚು. ಬೀದರಿನಲ್ಲಿ 1980ರಿಂದಲೂ ಇಂಜಿನಿಯರಿಂಗ್ ಕಾಲೇಜಿದೆ. ಬೆಂಗಳೂರೇ ಆಗಬೇಕೆಂಬ ಹಟ ನಮಗೆ ಅರ್ಥವಾಗಿಲ್ಲ.

ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಯೇಸುಸ್ವಾಮಿ ಹೇಳಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಅದು ಶಿಷ್ಯರಾಗುವವರಿಗೆ ಹೇಳಿದ ಮಾತು, ನಿಜ. ಪ್ರವೇಶಶುಲ್ಕ ಕಟ್ಟುವವರೂ ಓದಬಹುದು. ರಿಯಾಯಿತಿ ಮೊದಲ ವರ್ಷಕ್ಕೆ ಮಾತ್ರವೇ, ನಾಲ್ಕು ವರ್ಷಕ್ಕೂ ಇದೆಯೇ? ಅಂಕ ಇಳಿದರೆ ನಿಲ್ಲುವುದೇ? ಹಾಸ್ಟೆಲು, ಊಟ, ಪುಸ್ತಕಗಳು ಅದರಲ್ಲಿ ಸೇರಿವೆಯೇ? ಇವುಗಳನ್ನು ಬರಹದಲ್ಲಿಯೇ ಕೇಳಬೇಕು. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನೂ, ಮಳೆ ಕೈಕೊಟ್ಟು ತೊಗರಿ ಹೋಗಿದ್ದರೆ ಆ ಸಂಗತಿಯನ್ನೂ ಸೇರಿಸಿ ಪ್ರಾಂಶುಪಾಲರಿಗೆ ಮರುಪರಿಶೀಲನೆಯ ಮನವಿ ಬರೆಯುವುದು ಭಿಕ್ಷೆಯಲ್ಲ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಧರ್ಮಗುರುಗಳ ಪತ್ರವೊಂದು ಜೊತೆಗಿದ್ದರೆ ತೊಂದರೆಯೇನೂ ಇಲ್ಲ.

ಇಷ್ಟಾದ ಮೇಲೂ ಕೊರತೆ ಉಳಿದರೆ, ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿಯವರೆಗೆ ಆಸ್ತಿ ಅಡವಿಡಬೇಕಾಗಿಲ್ಲ. ಆದರೆ ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕಬೇಕು. ಸಾಹುಕಾರನ ಬಡ್ಡಿಯ ಹಣಕ್ಕೆ ಕೈಯೊಡ್ಡುವ ಮೊದಲು, ಹೊಲ ಮಾರುವ ಮೊದಲು, ಆ ಬಾಗಿಲನ್ನು ತಟ್ಟಿ ನೋಡಬೇಕು.

ಇನ್ನೊಂದು ಮಾತು. ನೆರವು ಕಡಿಮೆಯಾಯಿತೆಂದು ಮಗಳ ಓದನ್ನು ನಿಲ್ಲಿಸಿದ ಮನೆಗಳೇ ಎರಡು ವರ್ಷಗಳ ನಂತರ ಮಗನಿಗಾಗಿ ಎಕರೆ ಮಾರಿದ್ದನ್ನು ನಾವು ಕಂಡಿದ್ದೇವೆ. ಆ ಹೆಣ್ಣುಮಕ್ಕಳು ಇಂದಿಗೂ ಅದೇ ಪೀಠಗಳಲ್ಲಿ ಕುಳಿತು ನಮ್ಮೊಡನೆ ಪ್ರಾರ್ಥಿಸುತ್ತಿದ್ದಾರೆ.