ಬಸಿದ ನೀರಿನ ಬಣ್ಣ

ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬಣ್ಣ ನೋಡಿಯೇ ಬೆಲೆ ಕಟ್ಟುವುದು. ಎಲೆ ಒಣಗಿಸುವ ಬ್ಯಾರನ್ನಿನಲ್ಲಿ ಮೊದಮೊದಲು ಉರಿ ಸಣ್ಣಗಿಟ್ಟಾಗ ಎಲೆಯ ಹಸಿರು ಅಳಿದು, ಅದರಡಿ ಮೊದಲಿನಿಂದಲೂ ಇದ್ದ ಹಳದಿ ಮೇಲೇಳುತ್ತದೆ. ಆ ಹಳದಿಯಲ್ಲಿ ಲ್ಯೂಟೀನ್ ಎಂಬ ವರ್ಣದ್ರವ್ಯವಿದೆ. ದಂಟು, ನುಗ್ಗೆ ಸೊಪ್ಪಿನಲ್ಲೂ ಅದೇ ಇದೆ. ಕಣ್ಣಿನ ಅಕ್ಷಿಪಟದಲ್ಲಿ, ಮಿದುಳಿನಲ್ಲಿ ಕೂಡ ಇದೆ. ಅಲ್ಲಿಗೆ ಅದು ತಿಂದರೆ ಹೋಗುತ್ತದೆ, ಸೇದಿದರಲ್ಲ. ಹೊಗೆಸೊಪ್ಪು ಬೆಳೆದೇ ಮನೆ ಕಟ್ಟಿದವನು ನಾನು, ಆದರೂ ಹೇಳಬೇಕು.

ಮಿದುಳಿಗೆ ಬಣ್ಣ ಯಾಕೆ ಬೇಕು? ಅದರ ತೂಕ ದೇಹದ ಶೇ 2ರಷ್ಟೇ. ಆದರೆ ಮೈ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಕೊಬ್ಬಿನ ಅಂಶವೂ ಅಲ್ಲಿ ಹೆಚ್ಚು, ಹಾಗಾಗಿ ಬೇಗ ಕಮಟುತ್ತದೆ; ಅದನ್ನು ತಡೆಯಲು ಬಣ್ಣ ನೆರವಾಗಬಲ್ಲದು. 2012ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ಇಲಿಗಳಿಗೆ ಜಿಡ್ಡಿನ ಮೇವು ಹಾಕಿತು. ಮೈ ಊದುವ ಮೊದಲೇ, ಎರಡು ಮೂರು ದಿನದೊಳಗೆ, ಹಸಿವನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲಿ ಉರಿಯೂತ ಕಾಣಿಸಿಕೊಂಡಿತ್ತು. ನೇರಳೆ, ಬದನೆ ಸಿಪ್ಪೆಗಳ ಊದಾ ಬಣ್ಣ ಆಂಥೋಸಯನಿನ್. ಅದೇ ಜಾತಿಯ ಬಣ್ಣಗಳನ್ನು ಜಿಡ್ಡಿನ ಮೇವಿನ ಜೊತೆ ಕೊಟ್ಟ ಹಲವು ಪ್ರಯೋಗಗಳಲ್ಲಿ ಇಲಿಗಳ ಉರಿಯೂತ ತಗ್ಗಿತು, ನೆನಪು ಅಷ್ಟು ಕೆಡಲಿಲ್ಲ. ಆದರೆ ಅವು ಇಲಿಗಳು. ಮನುಷ್ಯರಲ್ಲಿ ಪುರಾವೆ ಇನ್ನೂ ತೆಳುವು. ಬೋಂಡ ತಿಂದು ಮೇಲೆ ನಾಲ್ಕು ನೇರಳೆ ಹಾಕಿಕೊಂಡರೆ ಲೆಕ್ಕ ಚುಕ್ತಾ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ನಾನು ನಂಬುವುದು ನಮ್ಮ ಬಸ್ಸಾರನ್ನು. ಕೆಂಪು ದಂಟಿನ ಕೆಂಪು ನೀರಿನಲ್ಲಿ ಕರಗುತ್ತದೆ. ಬೀಟ್‌ರೂಟಿನ ಬಣ್ಣದ ಕುಲದ್ದು ಅದು. ಬೇಯಿಸಿದ ನೀರನ್ನು ಚೆಲ್ಲಿದರೆ ಬಣ್ಣ ಮೋರಿಗೆ. ನಮ್ಮತ್ತಿಗೆ ಅದನ್ನೇ ಬಸಿದು ಸಾರು ಕಾಯಿಸುತ್ತಾರೆ. ಕುದಿಯುವಾಗ ಒಂದಷ್ಟು ಹೋದರೂ ಮಿಕ್ಕಿದ್ದು ತಟ್ಟೆಗೆ ಬರುತ್ತದೆ. ಲ್ಯೂಟೀನ್ ಹಾಗಲ್ಲ, ಅದಕ್ಕೆ ನೀರು ಒಗ್ಗದು, ಸೊಪ್ಪಿನಲ್ಲೇ ಉಳಿಯುತ್ತದೆ. ಕರುಳು ಅದನ್ನು ಹೀರಬೇಕಾದರೆ ಜಿಡ್ಡು ಬೇಕು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಮ್ಮ ಸೊಪ್ಪುಗಳ ಲ್ಯೂಟೀನ್ ಅಳೆದದ್ದಲ್ಲದೆ, ಯಾವ ಜಿಡ್ಡಿನ ಜೊತೆ ಅದು ಚೆನ್ನಾಗಿ ಮೈಗೆ ಸೇರುತ್ತದೆಂದು ಇಲಿಗಳಲ್ಲಿ ಪರೀಕ್ಷಿಸಿದೆ. ಬಸಿದ ಸೊಪ್ಪುಕಾಳಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದರೆ ಆ ಕೆಲಸ ಆಯಿತು.

ಮಿದುಳಿಗೆ ಕಾಟ ಕೊಡುವ ಜಿಡ್ಡೂ, ಮಿದುಳಿಗೆ ಬಣ್ಣ ಮುಟ್ಟಿಸುವ ಜಿಡ್ಡೂ ಒಂದೇ ಡಬ್ಬದ್ದು; ವ್ಯತ್ಯಾಸ ಅಳತೆಯದು. ಪ್ರಯೋಗದ ಇಲಿಗಳ ಮೇವಿನಲ್ಲಿ ಶೇ 45ರಿಂದ 60ರಷ್ಟು ಕ್ಯಾಲೊರಿ ಕೊಬ್ಬಿನದು. ಮುದ್ದೆ, ಬಸ್ಸಾರು, ಪಲ್ಯದ ಊಟ ಅದರ ಹತ್ತಿರಕ್ಕೂ ಹೋಗುವುದಿಲ್ಲ; ಹೆದ್ದಾರಿ ಬದಿಯ ಕಬಾಬು, ಗೋಬಿಯ ಸಂಜೆ ಹೋದರೂ ಹೋಗಬಹುದು.