ಪತ್ರಿಕಾ ಚಿತ್ರವಿಮರ್ಶೆ ಮತ್ತು ಕಲ್ಯಾಣದ ಪ್ರೇಕ್ಷಕ

ಪತ್ರಿಕೆಗಳ ಚಿತ್ರವಿಮರ್ಶೆಯು ಬಹುಮಟ್ಟಿಗೆ ಬಿಡುಗಡೆಯ ವಾರದಲ್ಲಿಯೇ ರೂಪುಗೊಳ್ಳುವ ಅಭಿಪ್ರಾಯ. ಸಾಮಾಜಿಕ, ಪೌರಾಣಿಕ, ಐತಿಹಾಸಿಕ ಚಿತ್ರಗಳೆಲ್ಲವನ್ನೂ ಅದು ಕಥೆ, ಅಭಿನಯ, ಸಂಗೀತ, ಛಾಯಾಗ್ರಹಣಗಳೆಂಬ ಸಿದ್ಧ ಮಾನದಂಡಗಳಿಂದ ಅಳೆಯುತ್ತದೆ. ಈ ಅಳತೆಯ ಮಿತಿಯು ಬಸವಕಲ್ಯಾಣ, ಹುಮನಾಬಾದ್‌ಗಳ ನೆಲೆಯಿಂದ ನೋಡಿದಾಗ ಸ್ಪಷ್ಟವಾಗುತ್ತದೆ.

ಟಿ.ವಿ. ಸಿಂಗ್ ಠಾಕೂರ್ ಅವರ ‘ಜಗಜ್ಯೋತಿ ಬಸವೇಶ್ವರ’ (1959) ಹಾಗೂ ಕೆ.ಎಸ್.ಎಲ್. ಸ್ವಾಮಿ ಅವರ ‘ಕ್ರಾಂತಿಯೋಗಿ ಬಸವಣ್ಣ’ (1983) ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತವು. ಮೊದಲನೆಯದರಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾಗಿ, ರಾಜ್‌ಕುಮಾರ್ ಬಿಜ್ಜಳನಾಗಿ ಅಭಿನಯಿಸಿದ್ದಾರೆ. ಅಭಿನಯದ ಗುಣದೋಷ ಯಾವ ಊರಿನ ವಿಮರ್ಶಕನಿಗಾದರೂ ಎಟಕುವ ವಿಷಯ. ಆದರೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಉರ್ದು, ಮರಾಠಿಗಳ ನಡುವೆ ಕನ್ನಡವನ್ನು ಉಳಿಸಿಕೊಂಡ ಈ ಊರುಗಳ ಪ್ರೇಕ್ಷಕನ ಪ್ರಶ್ನೆಗಳೇ ಬೇರೆ. ತೆರೆಯ ಮೇಲಿನ ಕಲ್ಯಾಣ, ಕೋಟೆಯೂ ತ್ರಿಪುರಾಂತ ಕೆರೆಯೂ ಇರುವ ತನ್ನ ಊರೇ? ಹರಳಯ್ಯ, ಮಧುವರಸರ ಮಕ್ಕಳ ಮದುವೆಯಿಂದ ಭುಗಿಲೆದ್ದ ಸಂಘರ್ಷ ಅರಸನ ಕೋಪವೋ, ವರ್ಣವ್ಯವಸ್ಥೆಯ ಬಿಕ್ಕಟ್ಟೋ? ತನ್ನ ಭಾಗದ ಆಡುನುಡಿಗೆ ಗಂಭೀರ ಪಾತ್ರದಲ್ಲಿ ಸ್ಥಾನವಿದೆಯೇ?

ಇವುಗಳನ್ನು ಒಳಗೊಳ್ಳದ ವಿಮರ್ಶೆ ಚಿತ್ರದ ಸೋಲು-ಗೆಲುವನ್ನು ದಾಖಲಿಸಬಹುದು; ಅದರ ಅರ್ಥವನ್ನಲ್ಲ. ಆದ್ದರಿಂದ ಹಳೆಯ ವಿಮರ್ಶೆಗಳನ್ನು ಆಕರವಾಗಿ ಬಳಸುವ ಸಂಶೋಧಕರು, ಏನು ಹೇಳಲಾಗಿದೆ ಎಂಬುದರೊಡನೆ ಯಾವ ನೆಲೆಯಿಂದ ಹೇಳಲಾಗಿದೆ ಎಂಬುದನ್ನೂ ಪರಿಶೀಲಿಸುವುದು ಅಗತ್ಯ.